ಖಾಲಿ ಬಿಡದ ಮೆಮೊರಿ: ಲಿನಕ್ಸ್ ಕರ್ನಲ್‌ನ ಪೇಜ್ ಕ್ಯಾಶ್

ಡಿಸ್ಕಿನಿಂದ ಓದಿದ ಫೈಲನ್ನು ಲಿನಕ್ಸ್ ಕರ್ನಲ್ ಸಾಮಾನ್ಯವಾಗಿ ಕೆಲಸ ಮುಗಿದ ಕೂಡಲೇ ಮೆಮೊರಿಯಿಂದ ಅಳಿಸುವುದಿಲ್ಲ. ಮತ್ತೆ ಬೇಕಾಗಬಹುದೆಂದು ಅದರ ಪ್ರತಿಯನ್ನು ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುತ್ತದೆ. ಇಂಥ ಪ್ರತಿಗಳೆಲ್ಲ ಸೇರಿದ್ದೇ ಪೇಜ್ ಕ್ಯಾಶ್. ರ‍್ಯಾಮ್‌ನಿಂದ ಮಾಹಿತಿ ಸಿಗಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಹಾರ್ಡ್‌ಡಿಸ್ಕಿಗೆ 10 ಮಿಲಿಸೆಕೆಂಡಿನಷ್ಟು, ಅಂದರೆ ಲಕ್ಷ ಪಟ್ಟು ಹೆಚ್ಚು ಹೊತ್ತು ಬೇಕು. ಎಸ್‌ಎಸ್‌ಡಿ ಬಂದ ಮೇಲೆ ಈ ಅಂತರ ಕುಗ್ಗಿದೆ, ಇಲ್ಲವಾಗಿಲ್ಲ.

ಇಂಟೆಲ್, ಎಎಂಡಿ ಪ್ರೊಸೆಸರುಗಳಲ್ಲಿ ಒಂದು ಪೇಜ್, ಅಂದರೆ ಮೆಮೊರಿಯ ಒಂದು ತುಂಡು, ಸಾಮಾನ್ಯವಾಗಿ 4,096 ಬೈಟ್. ಪ್ರೋಗ್ರಾಮ್ ಫೈಲಿನ ಒಂದು ಭಾಗವನ್ನು ಕೇಳಿದಾಗ ಕರ್ನಲ್ ಮೊದಲು ಕ್ಯಾಶ್‌ನಲ್ಲಿ ಹುಡುಕುತ್ತದೆ, ಅಲ್ಲಿಲ್ಲದಿದ್ದರಷ್ಟೇ ಡಿಸ್ಕಿಗೆ ಹೋಗುತ್ತದೆ. ಫೈಲನ್ನು ಸಾಲಾಗಿ ಓದಲಾಗುತ್ತಿದೆ ಎಂದು ತಿಳಿದರೆ ಮುಂದಿನ ಪೇಜುಗಳನ್ನು ಕೇಳುವ ಮುನ್ನವೇ ತಂದಿಡುತ್ತದೆ. ನೂರಾರು ಪ್ರೋಗ್ರಾಮುಗಳು ಬಳಸುವ ಸಿ ಲೈಬ್ರರಿಯ ಕೋಡ್ ಮೆಮೊರಿಯಲ್ಲಿ ಒಂದೇ ಪ್ರತಿಯಾಗಿ ಕೂತಿರುವುದಕ್ಕೂ ಈ ಕ್ಯಾಶೇ ಆಧಾರ.

‘ಫ್ರೀ’ ಕಮಾಂಡ್ ಕೊಟ್ಟು ನೋಡಿದವರು ಬೆಚ್ಚುವುದುಂಟು: 8 ಜಿಬಿ ರ‍್ಯಾಮ್‌ನಲ್ಲಿ ಖಾಲಿ ಉಳಿದದ್ದು ಕೆಲವು ನೂರು ಎಂಬಿ ಮಾತ್ರ! ಆದರೆ ನೋಡಬೇಕಾದ್ದು ‘ಅವೈಲಬಲ್’ ಎಂಬ ಕಂಬಸಾಲನ್ನು. ಕ್ಯಾಶ್ ಬಿಟ್ಟುಕೊಡಬಲ್ಲ ಜಾಗದ ಅಂದಾಜೂ ಅದರಲ್ಲಿ ಸೇರಿರುತ್ತದೆ. 2014ರ 3.14 ಆವೃತ್ತಿಯಿಂದ ಕರ್ನಲ್ಲೇ ಈ ಲೆಕ್ಕ ಕೊಡುತ್ತಿದೆ. ವೇಗ ಹೆಚ್ಚಲೆಂದು ಆಗಾಗ ಕ್ಯಾಶ್ ಖಾಲಿ ಮಾಡುವ ಅಭ್ಯಾಸ ನಷ್ಟದ್ದೇ. ಚೆಲ್ಲಿದ್ದನ್ನೆಲ್ಲ ಡಿಸ್ಕಿನಿಂದ ಮತ್ತೆ ಓದಬೇಕಾಗುತ್ತದೆ.

ಬರೆಯುವಾಗಲೂ ದಾರಿ ಇದೇ, ಆದರೆ ಇಲ್ಲಿ ಎಚ್ಚರ ಬೇಕು. ಪ್ರೋಗ್ರಾಮ್ ಬರೆದದ್ದು ಮೊದಲು ಕ್ಯಾಶ್‌ಗೆ ಸೇರುತ್ತದೆ. ಡಿಸ್ಕಿಗಿನ್ನೂ ತಲುಪದ ಇಂಥ ಪೇಜುಗಳಿಗೆ ಡರ್ಟಿ ಎಂದು ಹೆಸರು. ಕರ್ನಲ್ ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡಿಗಿಂತ ಹಳೆಯದಾದ ಡರ್ಟಿ ಪೇಜುಗಳನ್ನು ಡಿಸ್ಕಿಗೆ ಕಳಿಸುತ್ತದೆ. ಪೆನ್‌ಡ್ರೈವ್‌ಗೆ ದೊಡ್ಡ ಸಿನಿಮಾ ಕಾಪಿ ಮಾಡಿದಾಗ ಪ್ರಗತಿ ತೋರುವ ಪಟ್ಟಿ ಸರ್ರನೆ ಶೇಕಡಾ 100 ಮುಟ್ಟಿ, ಆಮೇಲೆ ‘ಇಜೆಕ್ಟ್’ ಒತ್ತಿದರೆ ನಿಮಿಷಗಟ್ಟಲೆ ಕಾಯಿಸುವುದು ಇದರಿಂದಲೇ. ಆ ಹೊತ್ತಿನಲ್ಲಿ ಕಿತ್ತರೆ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಹಣದ ವಹಿವಾಟು ದಾಖಲಿಸುವ ಡೇಟಾಬೇಸ್‌ಗಳು ಹೀಗೆ ಕಾಲಕ್ಕೆ ಬಿಟ್ಟು ಕೂರುವಂತಿಲ್ಲ. ‘ಎಫ್‌ಸಿಂಕ್’ ಕರೆದು, ಡಿಸ್ಕಿಗೆ ಸೇರಿತೆಂಬ ಉತ್ತರ ಬಂದ ಮೇಲಷ್ಟೇ ಮುಂದುವರಿಯುತ್ತವೆ.

ಮೆಮೊರಿ ಸಾಲದಾದಾಗ ಯಾರನ್ನು ಹೊರಹಾಕಬೇಕೆಂಬುದೇ ಕಠಿಣ ಪ್ರಶ್ನೆ. ಬದಲಾಗದ ಫೈಲ್ ಪೇಜನ್ನು ಸುಮ್ಮನೆ ಬಿಟ್ಟರಾಯಿತು, ಮೂಲ ಡಿಸ್ಕಿನಲ್ಲಿದೆ. ಡರ್ಟಿ ಪೇಜನ್ನು ಮೊದಲು ಬರೆಯಬೇಕು. ಪ್ರೋಗ್ರಾಮಿನ ಸ್ವಂತ ಲೆಕ್ಕಾಚಾರದ ಪೇಜುಗಳಿಗೆ ಮೂಲ ಫೈಲೇ ಇಲ್ಲದ್ದರಿಂದ ಡಿಸ್ಕಿನಲ್ಲಿ ಇದಕ್ಕೆಂದೇ ಇಟ್ಟ ಸ್ವಾಪ್ ಜಾಗಕ್ಕೆ ಸಾಗಿಸಬೇಕು. ಬಹುಕಾಲ ಕರ್ನಲ್ ಪೇಜುಗಳನ್ನು ಸಕ್ರಿಯ, ನಿಷ್ಕ್ರಿಯ ಎಂಬ ಎರಡು ಪಟ್ಟಿಗಳಲ್ಲಿ ವಿಂಗಡಿಸಿತು: ಫೈಲಿನಿಂದ ಹೊಸದಾಗಿ ಬಂದದ್ದು ನಿಷ್ಕ್ರಿಯ ಪಟ್ಟಿಗೆ, ಮತ್ತೆ ಬಳಕೆಯಾದರೆ ಸಕ್ರಿಯಕ್ಕೆ. ಬ್ಯಾಕಪ್ ಒಮ್ಮೆ ಇಡೀ ಡಿಸ್ಕನ್ನು ಓದಿ ಹೋದರೂ ನಿತ್ಯ ಬೇಕಾದ ಪೇಜುಗಳು ಉಳಿಯುವುದು ಈ ಜಾಣ್ಮೆಯಿಂದ. 2022ರ ಕೊನೆಗೆ ಬಂದ 6.1 ಆವೃತ್ತಿ, ಪೇಜುಗಳನ್ನು ವಯಸ್ಸಿನ ಪ್ರಕಾರ ಹಲವು ತಲೆಮಾರುಗಳಾಗಿ ಗುಂಪಿಸುವ ವಿಧಾನವನ್ನೂ ಸೇರಿಸಿತು.

ಇಷ್ಟಾದರೂ ಜಾಗ ಸಿಗದಿದ್ದರೆ ಕರ್ನಲ್ ಪ್ರತಿ ಪ್ರಾಸೆಸ್‌ಗೂ ಮುಖ್ಯವಾಗಿ ಮೆಮೊರಿ ಬಳಕೆಯ ಮೇಲೆ ಅಂಕ ಕೊಟ್ಟು, ಹೆಚ್ಚು ಅಂಕ ಪಡೆದದ್ದನ್ನು ಕೊಲ್ಲುತ್ತದೆ. ಸರ್ವರ್ ನೋಡಿಕೊಳ್ಳುವವರು ತಮ್ಮ ಮುಖ್ಯ ಪ್ರಾಸೆಸ್‌ನ ಅಂಕವನ್ನು ಮೊದಲೇ ತಗ್ಗಿಸಿಡಬಹುದು. ಅಂಕ ತಗ್ಗಿಸುವ ಈ ಹೊಂದಾಣಿಕೆಯ ಮೌಲ್ಯವನ್ನು -1000ಕ್ಕೆ ಇಳಿಸಿದರೆ ಕರ್ನಲ್ ಅದನ್ನು ಮುಟ್ಟುವುದಿಲ್ಲ.