"ನೈಂಟಿ ಆಯಿಲ್ ಕೊಡಿ" ಅನ್ನೋ ಮುಂಚೆ ಡಬ್ಬಿ ಓದಿ

ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಗೊಂಡೆ. ತೋಟಗಾರಿಕೆ ಓದಿದವನು ನಾನು. ಅಡಿಕೆ ಮರದ ಸುಳಿ ನೋಡಿ ಏನಾಗಿದೆ ಅಂತ ಹೇಳಬಲ್ಲೆ, ಗೇರ್‌ಬಾಕ್ಸ್ ಒಳಗೇನಿದೆ ಅಂತ ಗೊತ್ತಿರಲಿಲ್ಲ. ಆಯಿಲ್ ಬದಲಿಸೋ ಹೊತ್ತಿಗೆ ಪೇಟೆಯ ಒಂದು ಅಂಗಡಿಗೆ ಹೋಗಿ "ನೈಂಟಿ ಆಯಿಲ್ ಕೊಡಿ" ಅಂದೆ. ಕೊಟ್ರು. ಅವರದ್ದೇನೂ ತಪ್ಪಿಲ್ಲ, ಕೇಳಿದ್ದೇ ನಾನು.

ಹದಿನೈದು ದಿನ ಕಳೆಯೋದ್ರೊಳಗೆ ಬ್ರೇಕ್ ಒತ್ತಿದಾಗಲೆಲ್ಲ ಕಿರ್ರ್ ಅನ್ನೋ ಸದ್ದು ಶುರುವಾಯ್ತು. ಹೊಸ ಆಯಿಲ್, ಹೊಂದಿಕೊಳ್ಳುತ್ತೆ ಬಿಡು ಅಂದುಕೊಂಡೆ. ಒಂದು ಸಂಜೆ ಸೊರಬದ ಕಡೆಯ ಕೆರೆ ಏರಿ ಮೇಲೆ ಟ್ರೇಲರ್ ತುಂಬ ಕೊಟ್ಟಿಗೆ ಗೊಬ್ಬರ ಹೇರಿಕೊಂಡು ಬರ್ತಿದ್ದೆ. ಎದುರಿಗೆ ಎಮ್ಮೆ ಹಿಂಡು. ಎರಡೂ ಬ್ರೇಕ್ ಪೆಡಲ್ ಸೇರಿಸಿ ಕೊಂಡಿ ಹಾಕಿಯೇ ಇತ್ತು. ಒತ್ತಿದೆ. ಎಡಗಡೆ ಕಚ್ಚಿತು, ಬಲಗಡೆ ಜಾರಿತು. ಟ್ರ್ಯಾಕ್ಟರ್ ಮೂತಿ ಸೀದಾ ನೀರಿನ ಕಡೆ ತಿರುಗಿತು. ಏರಿ ಅಂಚಿನ ಕಲ್ಲಿಗೆ ಮುಂದಿನ ಗಾಲಿ ತಾಗಿ ನಿಂತಿದ್ದಕ್ಕೆ ಇವತ್ತು ಇದನ್ನ ಬರೀತಿದ್ದೀನಿ.

ಮಾರನೇ ದಿನ ಶಿಕಾರಿಪುರದ ಹಿರಿಯ ಮೆಕ್ಯಾನಿಕ್ ಒಬ್ಬರು ಡ್ರೈನ್ ಬೋಲ್ಟ್ ಬಿಚ್ಚಿ ಆಯಿಲ್ ಬೆರಳಿಗೆ ಹಚ್ಚಿ ಮೂಸಿ ನೋಡಿದ್ರು. "ತಮ್ಮಾ, ಇದು ಆಯಿಲ್ ಬ್ರೇಕ್ ಗಾಡಿ. ಇದಕ್ಕೆ ಬರೀ ನೈಂಟಿ ಹಾಕಿದ್ರೆ ಹೆಂಗೆ?"

ನೈಂಟಿ ಅಂದ್ರೆ ಎಸ್‌ಎಇ 90. ಅದು ಆಯಿಲ್ ಎಷ್ಟು ಮಂದ ಅಂತ ಮಾತ್ರ ಹೇಳುತ್ತೆ, ಅದರೊಳಗೆ ಏನು ಬೆರೆಸಿದ್ದಾರೆ ಅಂತ ಹೇಳಲ್ಲ. ಗೇರ್ ಹಲ್ಲುಗಳಿಗೆ ಬೇಕಾಗಿರೋದು ಒತ್ತಡ ತಡೆಯೋ ಗಂಧಕ, ರಂಜಕದ ಸೇರ್ಪಡೆ. ಅದರ ಪ್ರಮಾಣದ ಲೆಕ್ಕವೇ ಡಬ್ಬಿ ಮೇಲಿನ ಜಿಎಲ್-4, ಜಿಎಲ್-5. ಐದರಲ್ಲಿ ಜಾಸ್ತಿ, ನಾಲ್ಕರಲ್ಲಿ ಕಮ್ಮಿ. ಹಾಗಂತ ಐದೇ ಒಳ್ಳೇದು ಅಂತಲ್ಲ. ಹಿತ್ತಾಳೆ ರಿಂಗ್ ಇರೋ ಗೇರ್‌ಬಾಕ್ಸ್‌ಗೆ ಕೆಲವು ಜಿಎಲ್-5 ಆಯಿಲ್‌ಗಳು ಒಗ್ಗಲ್ಲ.

ಆಯಿಲ್‌ನಲ್ಲಿ ಮುಳುಗಿರೋ ಬ್ರೇಕ್ ಪ್ಲೇಟ್‌ಗಳ ಕಥೆ ಬೇರೆ. ಅವು ಒಂದಕ್ಕೊಂದು ಉಜ್ಜಿಯೇ ಕೆಲಸ ಮಾಡಬೇಕು. ಉಜ್ಜಾಟ ಒಂದೇ ಸಮ ಇರೋ ಹಾಗೆ ನೋಡಿಕೊಳ್ಳೋ ಫ್ರಿಕ್ಷನ್ ಮಾಡಿಫೈಯರ್ ಅನ್ನೋ ಸೇರ್ಪಡೆ ಆಯಿಲ್‌ನಲ್ಲಿ ಇರಬೇಕು. ಇಲ್ಲದಿದ್ರೆ ಪ್ಲೇಟ್ ಒಮ್ಮೆ ಕಚ್ಚುತ್ತೆ, ಒಮ್ಮೆ ಜಾರುತ್ತೆ. ಆ ಕಿರ್ರ್ ಸದ್ದು ಅದೇ.

ಇದೇ ಗುಣ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗೂ ಬೇಕು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಅದಕ್ಕೆ ಡಿಫರೆನ್ಷಿಯಲ್. ಆದ್ರೆ ಕೆಸರಲ್ಲಿ ಒಂದು ಗಾಲಿ ಗಿರಗಿರ ತಿರುಗಿ ಇನ್ನೊಂದು ಸುಮ್ಮನೆ ನಿಲ್ಲೋದೂ ಅದರಿಂದಲೇ. ನಮ್ಮ ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಇದಕ್ಕೆ ಕಾಲಲ್ಲಿ ಒತ್ತೋ ಡಿಫರೆನ್ಷಿಯಲ್ ಲಾಕ್ ಇರುತ್ತೆ. ಕೆಲವು 4ಡಬ್ಲ್ಯುಡಿ ಟ್ರ್ಯಾಕ್ಟರ್‌ಗಳ ಮುಂದಿನ ಆಕ್ಸಲ್‌ನಲ್ಲಿ, ಕೆಲವು ಜೀಪುಗಳ ಹಿಂದಿನ ಆಕ್ಸಲ್‌ನಲ್ಲಿ ಲಿಮಿಟೆಡ್ ಸ್ಲಿಪ್ ಇರುತ್ತೆ. ಪ್ಲೇಟ್ ಇರೋ ಬಗೆಯದ್ದಾದ್ರೆ ಆ ಪ್ಲೇಟ್‌ಗಳೇ ಜಾರೋ ಗಾಲಿಯನ್ನ ತಡೆದು ಇನ್ನೊಂದಕ್ಕೆ ಬಲ ಕೊಡ್ತವೆ. ಅಂಥದ್ದಕ್ಕೆ ಸಾದಾ ಜಿಎಲ್-5 ಹಾಕಿದ್ರೆ ನಿಧಾನಕ್ಕೆ ತಿರುಗಿಸುವಾಗ ಆಕ್ಸಲ್ ಕಟಕಟ ಅಂತ ನಡುಗುತ್ತೆ. ಡಬ್ಬಿ ಮೇಲೆ 'ಎಲ್‌ಎಸ್' ಅಂತ ಇರೋದನ್ನ ಕೇಳಿ. ಇಲ್ಲವೇ ಗಾಡಿಯ ಮ್ಯಾನುಯಲ್ ಹೇಳಿದ ಸೇರ್ಪಡೆಯನ್ನ ಹೇಳಿದಷ್ಟೇ ಹಾಕಿ. ಎರಡನ್ನೂ ಹಾಕಿ ಅತಿ ಮಾಡಿದ್ರೆ ಪ್ಲೇಟ್ ಹಿಡಿಯೋದನ್ನೇ ಬಿಡುತ್ತೆ.

ಟ್ರ್ಯಾಕ್ಟರ್ ಹಿಂಭಾಗಕ್ಕೆ ಬಂದ್ರೆ, ಬಹಳ ಮಾಡೆಲ್‌ಗಳಲ್ಲಿ ಗೇರ್, ಡಿಫರೆನ್ಷಿಯಲ್, ಬ್ರೇಕ್, ಹೈಡ್ರಾಲಿಕ್ ಎಲ್ಲಕ್ಕೂ ಒಂದೇ ಆಯಿಲ್. ಅದಕ್ಕೇ ಯುಟಿಟಿಒ ಅಥವಾ 'ವೆಟ್ ಬ್ರೇಕ್ ಆಯಿಲ್' ಅನ್ನೋದು. ಡಬ್ಬಿ ಹಿಂದೆ ಜೆ20ಸಿ, ಎಂ1145 ಅನ್ನೋ ಥರದ ಸಂಕೇತ ಇರುತ್ತೆ. ನಿಮ್ಮ ಮ್ಯಾನುಯಲ್‌ನಲ್ಲಿ ಇರೋ ಸಂಕೇತ ಅಲ್ಲಿದ್ರೆ ಆಯ್ತು. ಬ್ರ್ಯಾಂಡ್ ಯಾವುದು ಅನ್ನೋದು ಆಮೇಲಿನ ಮಾತು.

ನಮ್ಮ ಪಕ್ಕದ ಗದ್ದೆಯ ಗೌಡ್ರು ಈ ಆಯಿಲ್ ನೋಡಿ "ಇದೇನ್ ಮಾರಾಯ, ನೀರಿನಂಗಿದೆ" ಅಂದ್ರು. 10ಡಬ್ಲ್ಯು-30 ಅಂತ ಓದಿ, ತೊಂಬತ್ತೆಲ್ಲಿ ಮೂವತ್ತೆಲ್ಲಿ ಅಂತ ಅವರ ಲೆಕ್ಕ. ಎಂಜಿನ್ ಆಯಿಲ್‌ನ ಅಳತೆಪಟ್ಟಿಯೇ ಬೇರೆ, ಗೇರ್ ಆಯಿಲ್‌ನದ್ದೇ ಬೇರೆ. ಗೇರ್ ಆಯಿಲ್‌ನ 90 ಹೆಚ್ಚುಕಮ್ಮಿ ಎಂಜಿನ್ ಆಯಿಲ್‌ನ 40, 50ರಷ್ಟೇ ಮಂದ. ತೆಳು ಇದ್ರೆ ಚಳಿಗಾಲದ ಬೆಳಿಗ್ಗೆ ಲಿಫ್ಟ್ ಬೇಗ ಏಳುತ್ತೆ, ಪಂಪ್‌ಗೂ ತ್ರಾಸಿಲ್ಲ.

ನನ್ನ ಗಾಡಿಗೆ ಆಯಿಲ್ ಬದಲಿಸಿದ್ರೆ ಸಾಕು ಅಂದುಕೊಂಡಿದ್ದೆ. ಸಾಕಾಗಲಿಲ್ಲ. ಎಡಗಡೆ ಪ್ಲೇಟ್‌ಗಳ ಮೈ ಗಾಜಿನ ಹಾಗೆ ನುಣುಪಾಗಿತ್ತು, ಹೊಸದು ಹಾಕಿಸಬೇಕಾಯ್ತು. ಆಯಿಲ್‌ನಲ್ಲಿ ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಅಲ್ಲಿ ಹೋಯ್ತು.

ಗದ್ದೆ ಕೆಲಸ ಇರೋರಿಗೆ ಇನ್ನೊಂದು. ಕೇಜ್ ವ್ಹೀಲ್ ಹಾಕಿ ಕೆಸರು ಮಾಡಿದ ಮೇಲೆ ಸೀಲ್ ಮೂಲಕ ನೀರು ಒಳಗೆ ಹೋಗೋದುಂಟು. ಒಂದು ರಾತ್ರಿ ಗಾಡಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಡ್ರೈನ್ ಬೋಲ್ಟ್ ಸ್ವಲ್ಪವೇ ಸಡಿಲಿಸಿ ಒಂದು ಲೋಟ ಹಿಡೀರಿ. ನೀರು ತಳದಲ್ಲಿ ಇರೋದ್ರಿಂದ ಅದೇ ಮೊದಲು ಬರುತ್ತೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣ ಇದ್ರೆ ಗಂಟೆ ಲೆಕ್ಕ ನೋಡಬೇಡಿ, ಸೀಲ್ ಸರಿ ಮಾಡಿಸಿ ಪೂರ್ತಿ ಬದಲಿಸಿ. ಬೋಲ್ಟ್‌ನಲ್ಲಿ ಅಯಸ್ಕಾಂತ ಇದ್ರೆ ಅದಕ್ಕೆ ಬೂದು ಬಣ್ಣದ ನುಣ್ಣನೆ ಲೇಪ ಅಂಟಿರೋದು ಮಾಮೂಲು. ಕೈಗೆ ಚುಚ್ಚೋ ಚೂರುಗಳಿದ್ರೆ ಮೆಕ್ಯಾನಿಕ್‌ನ ಕರೀರಿ.

ಬಿಚ್ಚಿದ ಹಳೇ ಆಯಿಲ್‌ನ ಗೆದ್ದಲು ಹತ್ತದಿರಲಿ ಅಂತ ಬೇಲಿ ಗೂಟಕ್ಕೆ ಬಳಿಯೋ ರೂಢಿ ನಮ್ಮಲ್ಲಿದೆ. ನಮ್ಮಪ್ಪನೂ ಬಳೀತಿದ್ರು. ಮೊದಲ ಮಳೆಗೆ ಅದು ತೋಟದ ಕಾಲುವೆಗೆ ಇಳಿಯುತ್ತೆ, ಕಾಲುವೆ ನೀರು ಕೆರೆಗೆ. ನಾನೀಗ ಹಳೇ ಕ್ಯಾನ್‌ಗೇ ತುಂಬಿಸಿ, ಹಳೇ ಆಯಿಲ್ ವಾಪಸ್ ತಗೊಳ್ಳೋ ಸರ್ವಿಸ್ ಸೆಂಟರ್‌ಗೆ ಕೊಡ್ತೀನಿ.

ಫೋನ್‌ನಲ್ಲಿ ಎರಡು ಫೋಟೋ ಇಟ್ಟಿದ್ದೀನಿ: ಮ್ಯಾನುಯಲ್‌ನ ಆಯಿಲ್ ಪುಟದ್ದು, ಸರಿಯಾದ ಡಬ್ಬಿಯ ಹಿಂಬದಿಯದ್ದು. ಅಂಗಡಿಯಲ್ಲಿ ಈಗ ನೈಂಟಿ ಅನ್ನಲ್ಲ, ಫೋಟೋ ತೋರಿಸ್ತೀನಿ. ಮ್ಯಾನುಯಲ್ ಕಳೆದಿದ್ರೆ ಕಂಪನಿಯ ವೆಬ್‌ಸೈಟಲ್ಲಿ ಹುಡುಕಿ, ಇಲ್ಲಾಂದ್ರೆ ಚಾಸಿ ನಂಬರ್ ಹಿಡಿದು ಡೀಲರ್ ಹತ್ರ ಕೇಳಿ. ಎಷ್ಟು ಲೀಟರ್ ಹಿಡಿಯುತ್ತೆ ಅನ್ನೋದನ್ನೂ ಆಗಲೇ ಕೇಳಿಟ್ಕೊಳ್ಳಿ.