ಹಿಮಶಿಖರಕ್ಕೆ ಹೊರಡುವವರು ಕೇಳಬೇಕಾದ ಪ್ರಶ್ನೆಗಳು

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿಲ್ಲ. ಆದರೂ ಹಿಮಾಲಯದ ಶುಭ್ರ ಶಿಖರಗಳ ಚಿತ್ರವನ್ನು ಕಂಡ ತರುಣರ ಮನಸ್ಸು ಅತ್ತ ಹರಿಯದಿರದು. 1953ನೆಯ ಇಸವಿಯ ಮೇ 29ರಂದು ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿಯವರು ಎವರೆಸ್ಟನ್ನು ಏರಿದಾಗ ಆ ಸಾಹಸವು ಕೆಲವೇ ಮಂದಿ ನುರಿತವರಿಗೆ ಸಾಧ್ಯವಾದುದಾಗಿತ್ತು. ಇಂದಾದರೋ ಹಣ ತೆತ್ತು ಯಾವುದಾದರೊಂದು ಕಂಪೆನಿಯ ತಂಡದಲ್ಲಿ ಸೇರಿ ಯಾರು ಬೇಕಾದರೂ ಹೊರಡಬಹುದಾಗಿದೆ. ನಮ್ಮ ನಾಡಿನ ಮನೆಗಳಿಂದಲೂ ಜನರು ಹಿಮದ ನಾಡಿಗೆ ಹೋಗಿಬರುತ್ತಿರುವರು. ಹೋದವರೆಲ್ಲರೂ ಹಿಂದಿರುಗುವುದಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಕಾಶಿಯ ಸಹಸ್ರತಾಲದ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿದ 22 ಜನರ ತಂಡದಲ್ಲಿ, ಕರ್ನಾಟಕದಿಂದ ಹೋಗಿದ್ದ 9 ಮಂದಿ ಮಡಿದರು. ಆದುದರಿಂದ, ಮನೆಯ ಮಗನನ್ನೋ ಮಗಳನ್ನೋ ಎಂತಹವರ ಕೈಗೆ ಒಪ್ಪಿಸುತ್ತಿದ್ದೇವೆ ಎಂಬ ವಿಚಾರವು ಗೃಹಸ್ಥರೆಲ್ಲರಿಗೂ ಸಂಬಂಧಪಟ್ಟುದಾಗಿದೆ. ಈ ವಿಚಾರದಲ್ಲಿ ಎವರೆಸ್ಟಿನ ಅನುಭವವು ನಮಗೆ ಒಳ್ಳೆಯ ಪಾಠವನ್ನು ಕಲಿಸಬಲ್ಲುದು.

ಮೊದಲು ಹಣದ ಮಾತು. ನೇಪಾಳದ ಕಡೆಯಿಂದ ಎವರೆಸ್ಟನ್ನೇರುವ ವಿದೇಶೀಯರು ವಸಂತ ಋತುವಿನ ಸರಕಾರೀ ಪರವಾನಗಿಗೇ 2025ರ ಸೆಪ್ಟೆಂಬರಿನಿಂದ 15,000 ಡಾಲರುಗಳನ್ನು ಕೊಡಬೇಕಾಗಿದೆ. ಕಂಪೆನಿಗಳು ಕೇಳುವ ಒಟ್ಟು ಮೊತ್ತವಾದರೋ ಒಂದಕ್ಕೊಂದು ಇಮ್ಮಡಿ ಮುಮ್ಮಡಿಯಾಗಿರುವುದುಂಟು. ಹೆಚ್ಚು ಕೊಟ್ಟ ಮಾತ್ರಕ್ಕೆ ಪ್ರಾಣಕ್ಕೆ ಭದ್ರತೆ ದೊರೆಯಿತೆಂದು ಭಾವಿಸಲಾಗದು. ಆದರೆ ತೀರ ಕಡಮೆ ಕೇಳುವವನು ಎಲ್ಲಿ ಉಳಿತಾಯ ಮಾಡುತ್ತಾನೆಂಬುದನ್ನು ವಿಚಾರಿಸಲೇಬೇಕು. ಪ್ರಾಣವಾಯುವಿನಲ್ಲಿಯೋ, ಆಹಾರದಲ್ಲಿಯೋ, ಆಳುಗಳ ಕೂಲಿಯಲ್ಲಿಯೋ? ಸಾಮಾನ್ಯವಾಗಿ ಬಳಸುವ 4 ಲೀಟರಿನ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಪ್ರಾಣವಾಯು ಸುಮಾರು 1,200 ಲೀಟರಿನಷ್ಟಿರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ ಉಸಿರಾಡಿದರೆ ಅದು ಹತ್ತು ಗಂಟೆ ಬಾಳುವುದು. 4 ಲೀಟರಿನಂತಾದರೆ ಐದೇ ಗಂಟೆ. ತಲೆಗೆ ಎಷ್ಟು ಸಿಲಿಂಡರು, ತಡವಾದರೆ ಹೆಚ್ಚಿನವು ಎಲ್ಲಿ ಇರುವುವು ಎಂದು ಕೇಳಿ ಬರೆಯಿಸಿಕೊಳ್ಳಬೇಕು.

ಎರಡನೆಯದು ನಡಿಗೆಯ ವೇಗ. ಎವರೆಸ್ಟಿನ ತುದಿಯಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದಲ್ಲಿರುವುದರ ಮೂರನೆಯ ಒಂದು ಪಾಲು ಮಾತ್ರ. ದೇಹವು ಅಂತಹ ಎತ್ತರಕ್ಕೆ ಮೆಲ್ಲಮೆಲ್ಲನೆ ಒಗ್ಗಬೇಕು. 3,000 ಮೀಟರಿನಿಂದ ಮೇಲೆ, ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂದೂ, ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಮಿಸಬೇಕೆಂದೂ ವೈದ್ಯರು ಹೇಳುತ್ತಾರೆ. ಇದನ್ನು ಮೀರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮೆದುಳು ಊದಬಹುದು; ಎರಡೂ ಪ್ರಾಣಾಂತಿಕ. ಆದುದರಿಂದ ಕಂಪೆನಿಯ ದಿನಚರಿಪಟ್ಟಿಯನ್ನು ತರಿಸಿ, ಪೆನ್ಸಿಲು ಹಿಡಿದು ಲೆಕ್ಕ ಹಾಕಿರಿ. ವಿಶ್ರಾಂತಿಯ ದಿನಗಳಿಲ್ಲದ ಪಟ್ಟಿಯನ್ನು ಅಲ್ಲಿಗೇ ಮಡಿಚಿಡಬಹುದು.

ಮೂರನೆಯದು ಮಾರ್ಗದರ್ಶಕನ ಯೋಗ್ಯತೆ. ಶಿಖರವನ್ನು ಹಲವು ಸಲ ಏರಿದವರೆಲ್ಲರೂ ಇತರರನ್ನು ಕರೆದೊಯ್ಯಬಲ್ಲವರೆಂದು ಹೇಳಲಾಗದು. ಪರ್ವತ ಮಾರ್ಗದರ್ಶಕ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವು 1965ರಲ್ಲಿ ಸ್ಥಾಪಿತವಾಯಿತು. ನೇಪಾಳದ ಮಾರ್ಗದರ್ಶಕರ ಸಂಘವು 2012ರಲ್ಲಿ ಅದರ ಸದಸ್ಯತ್ವವನ್ನು ಪಡೆಯಿತು. ಅದರ ಪ್ರಮಾಣಪತ್ರವುಳ್ಳವರು ತಂಡದಲ್ಲಿ ಎಷ್ಟು ಮಂದಿ, ಅವರ ಹೆಸರೇನು, ಜಾಹೀರಾತಿನಲ್ಲಿ ಕಾಣುವವರೇ ಬೆಟ್ಟದ ಮೇಲೂ ಬರುವರೇ ಎಂದು ಕೇಳಲು ಸಂಕೋಚಪಡಬಾರದು.

ಇವೆಲ್ಲಕ್ಕಿಂತಲೂ ಮುಖ್ಯವಾದ ಪ್ರಶ್ನೆಯೊಂದಿದೆ: ಹಿಂದಿರುಗುವ ಹೊತ್ತು ಯಾವುದು, ಅದನ್ನು ನಿರ್ಣಯಿಸುವವರಾರು? ನ್ಯೂಜಿಲೆಂಡಿನ ರಾಬ್ ಹಾಲ್ ಅತ್ಯಂತ ಎಚ್ಚರದ ಮಾರ್ಗದರ್ಶಕನೆಂದು ಹೆಸರಾಗಿದ್ದವನು. 1995ರಲ್ಲಿ ಆತನು ಶಿಖರವು ಕಣ್ಣಳತೆಯಲ್ಲಿರುವಾಗಲೇ ತನ್ನ ತಂಡದವರನ್ನು ಹಿಂದಕ್ಕೆ ಕರೆತಂದನು. ಅವರಲ್ಲೊಬ್ಬನು ಮರುವರ್ಷ ಮತ್ತೆ ಬಂದನು. 1996ರ ಮೇ 10ರಂದು, ಹೆಚ್ಚೆಂದರೆ ಮಧ್ಯಾಹ್ನ ಎರಡು ಗಂಟೆಗೆ ಹಿಂದಿರುಗಬೇಕೆಂಬ ನಿಯಮವಿದ್ದರೂ, ನಾಲ್ಕು ಗಂಟೆ ಕಳೆದ ಮೇಲೆ ಆ ಯಾತ್ರಿಕನು ಶಿಖರ ಮುಟ್ಟುವವರೆಗೆ ಹಾಲ್ ಕಾದನು. ಬಿರುಗಾಳಿ ಕವಿಯಿತು. ಇಬ್ಬರೂ ಇಳಿದು ಬರಲಿಲ್ಲ. ಆ ಬಿರುಗಾಳಿಯಲ್ಲಿ ಬೆಟ್ಟದ ಎರಡು ಮಗ್ಗುಲುಗಳಲ್ಲಿ ಒಟ್ಟು ಎಂಟು ಮಂದಿ ತೀರಿಕೊಂಡರು. ಅವರಲ್ಲಿ ಮೂವರು ಭಾರತೀಯರು. ನಿಯಮವನ್ನು ಬಲ್ಲವನೇ, ಒಮ್ಮೆ ಪಾಲಿಸಿ ತೋರಿಸಿದವನೇ ಹೀಗೆ ಸಿಲುಕಿದನೆಂದರೆ, ನಿಯಮವೇ ಇಲ್ಲದ ಕಂಪೆನಿಯ ಗತಿಯೇನು? ಹಣ ತೆತ್ತವನ ಆಸೆಯನ್ನು ಕಂಡು ಕರಗದೆ 'ಸಾಕು, ತಿರುಗು' ಎನ್ನಬಲ್ಲವನೇ ನಿಜವಾದ ಮಾರ್ಗದರ್ಶಕನು. ಈವರೆಗೆ ಎಷ್ಟು ಮಂದಿಯನ್ನು ಶಿಖರಕ್ಕೆ ಏರಿಸಿದಿರೆಂದು ಎಲ್ಲರೂ ಕೇಳುತ್ತಾರೆ. ಎಷ್ಟು ಮಂದಿಯನ್ನು ನಡುವಿನಿಂದ ಹಿಂದಕ್ಕೆ ಕರೆತಂದಿರೆಂದು ನೀವು ಕೇಳಿರಿ.

ಕೊನೆಯದಾಗಿ, ಹೊರೆ ಹೊರುವವರ ವಿಚಾರ. 2014ರ ಏಪ್ರಿಲ್ 18ರಂದು ಖುಂಬು ಹಿಮಪಾತದಲ್ಲಿ ಕುಸಿದ ಮಂಜಿನ ರಾಶಿಯಡಿ 16 ಮಂದಿ ನೇಪಾಳೀ ಕೆಲಸಗಾರರು ಪ್ರಾಣ ಬಿಟ್ಟರು. ಅವರು ಪರರ ಶಿಖರಕ್ಕಾಗಿ ಹೊರೆ ಹೊತ್ತು ದಾರಿ ಮಾಡುತ್ತಿದ್ದವರು. ಆ ಮನೆಗಳಲ್ಲಿಯೂ ಹೆಂಡಿರು ಮಕ್ಕಳು ದಾರಿ ಕಾಯುತ್ತಿದ್ದರು. ಶೆರ್ಪಾಗಳಿಗೆ ತಕ್ಕ ಕೂಲಿ, ಉಡುಪು, ವಿಮೆಗಳನ್ನು ಕೊಡದ ಕಂಪೆನಿಯು ಆಪತ್ತಿನಲ್ಲಿ ನಮ್ಮವರನ್ನು ನೋಡಿಕೊಳ್ಳುವುದೆಂದು ನಂಬುವುದು ಹೇಗೆ?

ಇಷ್ಟು ವಿಚಾರಿಸಿದ ಬಳಿಕ ಮನೆಯವರ ಕರ್ತವ್ಯವೊಂದು ಉಳಿಯುತ್ತದೆ. ಹೊರಟವರು ಊರವರ ಹೊಗಳಿಕೆಯ ಭಾರವನ್ನೂ ಹೊತ್ತು ನಡೆಯುತ್ತಾರೆ. ಬರಿಗೈಯಲ್ಲಿ ಮರಳುವ ನಾಚಿಕೆಯೇ ಅನೇಕರನ್ನು ಹೊತ್ತು ಮೀರಿ ಮುಂದಕ್ಕೆ ತಳ್ಳುತ್ತದೆ. ಶಿಖರ ಮುಟ್ಟದೆ ಬಂದರೂ ಮನೆಯಲ್ಲಿ ಅದೇ ಆದರವು ಕಾದಿರುವುದೆಂದು ತಾಯಿತಂದೆಗಳು ಬೀಳ್ಕೊಡುವಾಗಲೇ ಬಾಯಿಬಿಟ್ಟು ಹೇಳಲಿ. ಬೆಟ್ಟವು ಮುಂದಿನ ವರ್ಷವೂ ಅಲ್ಲಿಯೇ ಇರುವುದು.