ಕೊಡಗಿನ ಗಣೇಶ್ ನಾಯಕತ್ವದ ಹಾಕಿ ವಿಶ್ವಕಪ್

ಹಾಕಿಯ ಮೊದಲ ವಿಶ್ವಕಪ್ 1971ರಲ್ಲಿ ಪಾಕಿಸ್ತಾನದಲ್ಲಿ ನಡೆಯಬೇಕಿತ್ತು. ಭಾರತ-ಪಾಕಿಸ್ತಾನಗಳ ನಡುವಣ ವೈಷಮ್ಯದಿಂದಾಗಿ ಅದು ಸ್ಪೇನಿನ ಬಾರ್ಸಿಲೋನಾಕ್ಕೆ ಸ್ಥಳಾಂತರಗೊಂಡಿತು. ಅಲ್ಲಿ ಭಾರತಕ್ಕೆ ಕಂಚು ದೊರೆಯಿತು. 1973ರಲ್ಲಿ ನೆದರ್ಲೆಂಡ್ಸಿನ ಆಮ್‌ಸ್ಟಲ್‌ವೀನ್‌ನಲ್ಲಿ ನಡೆದ ಎರಡನೆಯ ವಿಶ್ವಕಪ್‌ನಲ್ಲಿ ಭಾರತ ತಂಡವನ್ನು ಮುನ್ನಡೆಸಿದವರು ಕೊಡಗಿನ ಎಂ.ಪಿ. ಗಣೇಶ್.

ಅಂತಿಮ ಪಂದ್ಯದಲ್ಲಿ ಆತಿಥೇಯರ ವಿರುದ್ಧ 2–0 ಮುಂದಿದ್ದ ಭಾರತ, ಬಳಿಕ 2–2ರ ಸಮಬಲಕ್ಕಿಳಿಯಿತು. ಹೆಚ್ಚುವರಿ ಅವಧಿಯಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಲಭಿಸಿತು. ಗೋಲ್‌ಕೀಪರ್ ಒಬ್ಬರನ್ನೇ ಎದುರಿಸಿ ಚೆಂಡನ್ನು ಗೋಲಿಗೆ ತಳ್ಳುವ ಅವಕಾಶವಿದು. ಕೊಡಗಿನವರೇ ಆದ ಬಿ.ಪಿ. ಗೋವಿಂದ ಅವರಿಗೆ ಅದು ಕೈಗೂಡಲಿಲ್ಲ. ಕೊನೆಗೆ ಸ್ಟ್ರೋಕ್‌ಗಳಲ್ಲಿ ನೆದರ್ಲೆಂಡ್ಸ್ 4–2ರಿಂದ ಗೆದ್ದಿತು. ಆದರೆ 1975ರಲ್ಲಿ ಕೌಲಾಲಂಪುರದಲ್ಲಿ ಪಾಕಿಸ್ತಾನವನ್ನು 2–1ರಿಂದ ಮಣಿಸಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಗೋವಿಂದ ಅವರೂ ಇದ್ದರು.

ರಾಯದುರ್ಗವು 1953ರಲ್ಲಿ ಆಂಧ್ರಕ್ಕೆ ಸೇರಿತು. ಕೊಡಗು 1956ರಲ್ಲಿ ಮೈಸೂರು ರಾಜ್ಯಕ್ಕೆ. ಕೊಡವರ ಮನೆಮಾತು ಕೊಡವ ತಕ್ಕ್, ರಾಜ್ಯಭಾಷೆ ಕನ್ನಡ. ನಮ್ಮ ಮನೆಮಾತು ಕನ್ನಡ, ರಾಜ್ಯಭಾಷೆ ತೆಲುಗು. ಕನ್ನಡ ಶಾಲೆಯ ಮಗು ಎಲ್ಲಿಯವರೆಗೆ ಮುಟ್ಟೀತು ಎಂದು ರತ್ನಗಿರಿ, ಮಡಕಶಿರಾ ಭಾಗದ ಪೋಷಕರು ಕೇಳುತ್ತಾರೆ. ಮನೆಮಾತು ಸಣ್ಣದೆಂಬುದು ಗಣೇಶ್ ಅವರ ನಾಯಕತ್ವಕ್ಕೆ ಅಡ್ಡಿಯಾಗಲಿಲ್ಲ. ಮಕ್ಕಳಿಗೆ ಬೇಕಾದುದು ಆಟದ ಬಯಲು, ಕಲಿಸುವ ಗುರು, ಸೋತ ಮೇಲೂ ಸಿಗುವ ಮತ್ತೊಂದು ಅವಕಾಶ. ಇವು ನಮ್ಮ ಕನ್ನಡ ಶಾಲೆಗಳಲ್ಲಿಯೇ ದೊರೆಯಬೇಕೆಂದು ನಾವೆಲ್ಲರೂ ಒಟ್ಟಾಗಿ ಕೇಳೋಣ.